ಆರೂವರೆ ಅಂಗುಲದ ಹೆಸರು

ದಾನ ಕೊಡುವವರ ಮನಸ್ಸು ಎಷ್ಟು ದೊಡ್ಡದು ಅನ್ನುವುದು ಉಳಿಯಕ್ಕನಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಅಂಗುಲದಲ್ಲಿ ಅಳೆಯುತ್ತಿದ್ದಳು. ಅಪ್ಪನಿಂದ ಬಂದ ಕಲ್ಲಿನ ಶೆಡ್ಡು, ಅಪ್ಪನಿಂದಲೇ ಬಂದ ಉಳಿ, ಸುತ್ತಿಗೆ. ಮೂವತ್ತು ವರ್ಷಗಳಿಂದ ಶಾಲೆಯ ಗೋಡೆ, ಪಾರ್ಕಿನ ಬೆಂಚು, ಆಸ್ಪತ್ರೆಯ ಮೆಟ್ಟಿಲು, ಎಲ್ಲಿ ಯಾರು ಏನು ಕೊಟ್ಟರೂ ಅವರ ಹೆಸರು ಕೆತ್ತಿದವಳು ಅವಳೇ. ಅವಳ ನಿಜವಾದ ಹೆಸರು ಏನೆಂದು ಯಾರಿಗೂ ನೆನಪಿರಲಿಲ್ಲ. "ಕೊಡೋದು ಗೇಣುದ್ದ, ಕೆತ್ತಿಸೋದು ಮಾರುದ್ದ" ಎಂದು ಅಪ್ಪ ನಗುತ್ತಿದ್ದ. ಅವಳಿಗೆ ಈಚೆಗೆ ನಗು ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಹೆಂಚಿನ ಕಾರ್ಖಾನೆಯ ಮ್ಯಾನೇಜರು ಶೆಡ್ಡಿಗೆ ಬಂದ. ಧೂಳು ತಾಗದಂತೆ ಪ್ಯಾಂಟಿನ ಅಂಚು ಎತ್ತಿಕೊಂಡು ಬಾಗಿಲಲ್ಲೇ ನಿಂತ.

"ಅಕ್ಕಾ, ಅರ್ಜೆಂಟ್ ಕೆಲಸ. ಆಸ್ಪತ್ರೆ ಮುಂದೆ ನಮ್ಮ ಧಣಿಗಳು ಕಟ್ಟಿಸ್ತಿರೋ ಕಮಾನಿಗೆ ಕಲ್ಲು. ಹದಿನೈದು ದಿನಕ್ಕೆ ಉದ್ಘಾಟನೆ. ಧಣಿಗಳ ಹೆಸರು ಆರು ಅಂಗುಲ ಬರ್ಬೇಕು."

"ಆರೇ ಯಾಕೆ?"

"ಎಣ್ಣೆ ಧಣಿ ಕಾರಂಜಿ ಮೇಲೆ ನೀವೇ ಐದು ಕೆತ್ತಿದ್ದೀರಲ್ಲ!"

ಹೌದು, ಕೆತ್ತಿದ್ದಳು. ಎಣ್ಣೆ ಗಿರಣಿಯವನು ಆಸ್ಪತ್ರೆಯ ಅಂಗಳದಲ್ಲಿ ಕಾರಂಜಿ ಕಟ್ಟಿಸಿದ ದಿನದಿಂದ ಹೆಂಚಿನ ಧಣಿಗೆ ಊಟ ರುಚಿಸುತ್ತಿರಲಿಲ್ಲವೆಂದು ಊರೇ ಆಡಿಕೊಳ್ಳುತ್ತಿತ್ತು. ಅದಕ್ಕೇ ಈ ಕಮಾನು. ಕಾರಂಜಿ ನೋಡಬೇಕಾದವರೂ ಇನ್ನು ಕಮಾನಿನ ಕೆಳಗೇ ತಲೆ ತಗ್ಗಿಸಿ ಹೋಗಬೇಕು, ಅಷ್ಟೇ ಅದರ ಉಪಯೋಗ.

ಉಳಿಯಕ್ಕನ ತಮ್ಮ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಗಂಟೆ ಯಂತ್ರ ಅವನ ರಕ್ತ ತೊಳೆದರೆ ಅವನು ಬದುಕಿದ್ದ, ಇಲ್ಲದಿದ್ದರೆ ಇಲ್ಲ. ಅದಕ್ಕೂ ಮೊದಲು ಹದಿನೆಂಟು ವರ್ಷ ಅವನು ಇದೇ ಹೆಂಚಿನ ಧಣಿಯ ಲಾರಿ ಓಡಿಸಿದ್ದ. ಕಾಲು ಊದಿಕೊಂಡು ಬ್ರೇಕು ತುಳಿಯಲಾಗದ ದಿನ ಇದೇ ಮ್ಯಾನೇಜರು ಅವನ ಕೈಯಿಂದ ಕೀಲಿ ಇಸಿದುಕೊಂಡು "ಹುಷಾರಾಗಿ ಬಾರಪ್ಪ" ಎಂದು ಕಳಿಸಿದ್ದ. ಬಾ ಎಂದು ಆಮೇಲೆ ಯಾರೂ ಕರೆಯಲಿಲ್ಲ.

ಈಗ ಒಂದು ತಿಂಗಳಿಂದ ಆ ವಾರ್ಡಿನ ನಾಲ್ಕೂ ಯಂತ್ರ ನಿಂತಿದ್ದವು. ಯಂತ್ರ ಕೆಟ್ಟಿರಲಿಲ್ಲ, ಯಂತ್ರಕ್ಕೆ ಹೋಗುವ ನೀರನ್ನು ಶುದ್ಧ ಮಾಡುವ ಘಟಕ ಕೆಟ್ಟಿತ್ತು. ಶುದ್ಧವಲ್ಲದ ನೀರು ಹೋದರೆ ರೋಗಿ ಅಲ್ಲೇ ನಡುಗಿ ನಡುಗಿ ಸಾಯಬಹುದು. ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ ಅವಳನ್ನು ಹಿತ್ತಲಿಗೆ ಕರೆದೊಯ್ದು, ಚರಂಡಿಯ ಪಕ್ಕದ ಸಣ್ಣ ಕೋಣೆಯನ್ನು ತೋರಿಸಿದ್ದ. ತುಕ್ಕು ಹಿಡಿದ ಪೈಪು, ಒಡೆದ ಟ್ಯಾಂಕು, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ.

"ಮೂರು ಜನ ದೊಡ್ಡ ಮನುಷ್ಯರನ್ನ ಕೇಳಿದೆ ಅಕ್ಕಾ. ಮೂವರೂ ಕೇಳಿದ್ದು ಒಂದೇ ಪ್ರಶ್ನೆ, ಕಲ್ಲು ಎಲ್ಲಿ ಹಾಕ್ತೀರಿ ಅಂತ. ಇಲ್ಲಿ ಅಂದ ಕೂಡ್ಲೇ ಮುಖ ತಿರುಗಿಸಿದ್ರು. ಒಬ್ರು ಐದನೇ ಯಂತ್ರ ಬೇಕಾದ್ರೆ ಕೊಡ್ತೀನಿ ಅಂದ್ರು. ನೀರೇ ಇಲ್ದೆ ಯಂತ್ರ ತಗೊಂಡು ತಲೆ ಮೇಲೆ ಹೊತ್ಕೊಳ್ಲಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ತಮ್ಮನನ್ನು ಅವಳು ಮೂರು ಗಂಟೆ ಬಸ್ಸಿನಲ್ಲಿ ಬೇರೆ ಊರಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಅವರ ರೋಗಿಗಳ ಸರದಿಯೆಲ್ಲ ಮುಗಿದ ಮೇಲೆ, ಜಾಗ ಉಳಿದರೆ ಇವನು. ಹಿಂದಿನ ವಾರ ಎರಡು ಸಲವೂ ಜಾಗ ಉಳಿಯಲಿಲ್ಲ. ಅವನ ಮುಖ ಉಬ್ಬಿ, ಕಣ್ಣು ಸೀಳಾಗಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೀಗೇ ಆದರೆ ತಿಂಗಳು ದಾಟುವುದಿಲ್ಲವೆಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು.

ಕಲ್ಲಿನ ಮೇಲೆ ಬರುವುದನ್ನೆಲ್ಲ ಮೊದಲು ಅದೇ ಅಳತೆಯ ಕಾಗದದಲ್ಲಿ ಬರೆದು, ಕೆತ್ತಿಸುವವರ ಸಹಿ ಹಾಕಿಸಿಕೊಂಡೇ ಉಳಿ ಮುಟ್ಟಬೇಕೆಂಬುದು ಅಪ್ಪ ಹಾಕಿಕೊಟ್ಟ ಕಟ್ಟುಪಾಡು. ಕಲ್ಲನ್ನು ರಬ್ಬರಿನಿಂದ ಅಳಿಸಲಾಗುವುದಿಲ್ಲವಲ್ಲ. ಅವಳು ಕಾಗದ ಸುರುಳಿ ಸುತ್ತಿಕೊಂಡು ಧಣಿಯ ಮನೆಗೆ ಹೋದಳು. ಸಹಿ ಒಂದು ನೆಪ, ಕೇಳಬೇಕಾದದ್ದು ಬೇರೆಯೇ ಇತ್ತು.

ಧಣಿ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿಸಿ, ಜೇಬಿನಿಂದ ಟೇಪು ತೆಗೆದು, ತನ್ನ ಹೆಸರನ್ನು ಮೇಲಿಂದ ಕೆಳಕ್ಕೆ ಅಳೆದ. ಕೆಳಗಿನ ಸಾಲುಗಳ ಕಡೆ ಕಣ್ಣು ಹಾಯಿಸಲೂ ಇಲ್ಲ.

"ಆರೂವರೆ ಮಾಡಮ್ಮ. ಎತ್ತರದಲ್ಲಿ ಹಾಕಿದ್ರೆ ಸಣ್ಣದಾಗಿ ಕಾಣುತ್ತೆ."

"ಮಾಡ್ತೀನಿ. ಧಣಿಗಳೇ, ಒಂದು ಮಾತು..." ಎಂದು ಅವಳು ನೀರಿನ ಘಟಕದ ವಿಷಯವೆಲ್ಲ ಹೇಳಿದಳು. ತಮ್ಮನ ವಿಷಯವನ್ನೂ ಹೇಳಿದಳು. ಕಮಾನಿಗೆ ತರಿಸುತ್ತಿರುವ ಹೊಳೆಯುವ ಕಲ್ಲಿನಲ್ಲಿ ಕಾಲು ಭಾಗ ಬಿಟ್ಟರೂ ಆ ದುಡ್ಡಿಗೆ ಘಟಕ ಬರುತ್ತದೆ ಎಂದೂ ಹೇಳಿದಳು.

ಧಣಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗುವಿಗೆ ಬುದ್ಧಿ ಹೇಳುವವನ ಹಾಗೆ ಹೇಳಿದ.

"ನೋಡಮ್ಮ, ದಾನ ಅಂದ್ರೆ ನಾಲ್ಕು ಜನ ನೋಡಿ ಕಲಿಯೋ ಹಾಗಿರ್ಬೇಕು. ಆ ಚರಂಡಿ ಪಕ್ಕ ಯಾರು ಬಂದು ನೋಡ್ತಾರೆ? ಇನ್ನು ನಿನ್ನ ತಮ್ಮ. ಪಾಪ, ಒಳ್ಳೇ ಹುಡುಗ. ಆದ್ರೆ ಅವನೊಬ್ಬನಿಗೆ ಮಾಡಿದ್ರೆ ನಾಳೆ ಎಲ್ಲ ಡ್ರೈವರುಗಳೂ ಬಾಗಿಲಿಗೆ ಬಂದು ನಿಲ್ತಾರೆ. ಅದು ದಾನ ಆಗಲ್ಲ, ಹಕ್ಕಾಗುತ್ತೆ."

ಅವಳ ಪಿತ್ತ ನೆತ್ತಿಗೇರಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ಇವನೇ ಅಲ್ಲವೇ! ತನಗಾಗಿ ದುಡಿದವನಿಗೆ ಕೊಟ್ಟರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಕೊಡಬೇಕಾದ್ದನ್ನೇ ಕೊಟ್ಟ ಅನ್ನುತ್ತಾರೆ ಅಷ್ಟೇ. ಕೊಡಬೇಕಾಗಿಲ್ಲದ್ದನ್ನು ಕೊಟ್ಟರೆ ಮಾತ್ರ ದೊಡ್ಡ ಮನುಷ್ಯ. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು ಅವಳು ಕಾಗದ ಸುತ್ತಿಕೊಂಡಳು. ಗೇಟು ದಾಟುವಾಗ ಒಂದೇ ಒಂದು ವಿಷಯ ತಲೆಯಲ್ಲಿ ಕೂತಿತ್ತು. ಈ ಮನುಷ್ಯ ತನ್ನ ಹೆಸರು ಬಿಟ್ಟು ಕೆಳಗಿನ ಒಂದಕ್ಷರವನ್ನೂ ಓದಲಿಲ್ಲ.

ಮರುದಿನ ಹೊಸ ಕಾಗದ ಬರೆದಳು. ಧಣಿಯ ಹೆಸರು ಆರೂವರೆ ಅಂಗುಲ. ಅದರ ಕೆಳಗೆ ಒಂದೊಂದು ಅಂಗುಲದ ಸಾಲುಗಳು. 'ಈ ಕಮಾನನ್ನೂ, ಡಯಾಲಿಸಿಸ್ ವಿಭಾಗಕ್ಕೆ ನೀರು ಶುದ್ಧ ಮಾಡುವ ಹೊಸ ಘಟಕವನ್ನೂ, ಅದರ ಹತ್ತು ವರ್ಷಗಳ ನಿರ್ವಹಣೆಯನ್ನೂ ರೋಗಿಗಳಿಗೆ ದಾನವಾಗಿ ನೀಡಿದರು.' ಹತ್ತು ವರ್ಷ ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಕೇಳುವುದೇ ಆದರೆ ಕಂಜೂಸಿ ಯಾಕೆ ಎಂದು ಮುಂದುವರಿಸಿದಳು.

ಧಣಿಯ ಮನೆಗೆ ಹೋಗಿ ಅದೇ ಮೇಜಿನ ಮೇಲೆ ಕಾಗದ ಹರಡಿದಳು. ಧಣಿ ಟೇಪು ತೆಗೆದ. ಅಳೆದ. ಮ್ಯಾನೇಜರನ ಕೈಗೂ ಟೇಪು ಕೊಟ್ಟು ಅಳೆಸಿದ.

"ಸರಿಯಾಗಿ ಆರೂವರೆ, ಧಣಿಗಳೇ" ಎಂದ ಮ್ಯಾನೇಜರು.

ಧಣಿ ಸಹಿ ಹಾಕಿದ. ಹೆಸರಿಗಿಂತ ಸಹಿಯೇ ಠೀವಿಯಾಗಿತ್ತು.

ಹತ್ತು ದಿನ ಅವಳು ಕೆತ್ತಿದಳು. ಧಣಿಯ ಹೆಸರನ್ನು ಎಂದಿನ ಹಾಗೆ ಕೆತ್ತಿದಳು, ಕೆಳಗಿನ ಸಾಲುಗಳನ್ನು ಮಾತ್ರ ಹಲ್ಲು ಕಚ್ಚಿ, ಬೇಕಾದ್ದಕ್ಕಿಂತ ಆಳವಾಗಿ. ಆ ನಡುವೆ ಬೇರೆ ಊರಿನಲ್ಲಿ ತಮ್ಮನಿಗೆ ಒಂದೇ ಒಂದು ಸಲ ಜಾಗ ಸಿಕ್ಕಿತು. ಕಲ್ಲನ್ನು ಕಮಾನಿಗೆ ಅವಳೇ ಮುಂದೆ ನಿಂತು ಕೂರಿಸಿ, ಯಾರೂ ಓದುವ ಮೊದಲೇ ಪರದೆ ಮುಚ್ಚಿಸಿದಳು.

ಉದ್ಘಾಟನೆಯ ದಿನ ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನಲ್ಲಿ ಎಣ್ಣೆ ಧಣಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಿಂದೆ ಬಿಸಿಲಿನಲ್ಲಿ ಡಯಾಲಿಸಿಸ್ ರೋಗಿಗಳು, ಬಲೂನಿನಂತೆ ಊದಿದ ಮುಖಗಳು. ಚಪ್ಪಾಳೆಗೆ ಜನ ಬೇಕೆಂದು ಅವರನ್ನೂ ತಂದು ಕೂರಿಸಿದ್ದರು. ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿಣಿ ಪರದೆ ಎಳೆದು, ಕಲ್ಲಿನ ಮೇಲಿದ್ದದ್ದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. ಘಟಕ ಎಂಬಲ್ಲಿಗೆ ಬರುವಷ್ಟರಲ್ಲಿ ಟೆಕ್ನಿಷಿಯನ್ ಎದ್ದು ನಿಂತಿದ್ದ. ಹತ್ತು ವರ್ಷ ಎಂದಾಗ ಹಿಂದಿನ ಸಾಲಿನಿಂದ ಯಾರೋ ಹೋ ಎಂದು ಅತ್ತುಬಿಟ್ಟರು. ಚಪ್ಪಾಳೆ ಶುರುವಾದದ್ದು ನಿಲ್ಲಲೇ ಇಲ್ಲ.

ಧಣಿ ಕಲ್ಲಿನ ಕಡೆ ತಿರುಗಿದ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗಿತ್ತು ಅವನ ಮುಖ, ನುಂಗಲಾರ, ಉಗುಳಲಾರ. ಮ್ಯಾನೇಜರು ಬಿಳಿಚಿಕೊಂಡು ಉಳಿಯಕ್ಕನನ್ನು ಹುಡುಕಿದ. ಅವಳು ಕಂಬದ ಪಕ್ಕ ನಿಂತು, ಸಹಿಯ ಕಾಗದದ ಸುರುಳಿಯನ್ನು ಕೈಯೆತ್ತಿ ತೋರಿಸಿದಳು. ಅಷ್ಟರಲ್ಲಿ ಧಣಿಯ ಕಣ್ಣು ಎಣ್ಣೆ ಧಣಿಯ ಮೇಲೆ ಬಿತ್ತು. ಎಣ್ಣೆ ಧಣಿಯ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಅದನ್ನು ನೋಡಿದ್ದೇ ತಡ, ಹೆಂಚಿನ ಧಣಿ ಮೈಕು ಹಿಡಿದ.

"ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತಾರೆ. ಅದಕ್ಕೇ ಇದನ್ನ ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ!"

ರೋಗಿಗಳ ಪ್ರಾಣಕ್ಕೆ ಕರಗದ ಮನುಷ್ಯ ಎಣ್ಣೆ ಧಣಿಯ ಹೊಟ್ಟೆಕಿಚ್ಚಿಗೆ ಕರಗಿಹೋದ. ಥೂ ಎಂದು ಉಗಿಯಬೇಕೆನಿಸಿತು ಅವಳಿಗೆ. ಉಗಿಯಲಿಲ್ಲ, ಘಟಕ ಇನ್ನೂ ಬಂದಿರಲಿಲ್ಲ.

ಐದೇ ದಿನದಲ್ಲಿ ಘಟಕ ಬಂತು. ಮೊದಲ ಸರದಿಯಲ್ಲೇ ತಮ್ಮನಿಗೆ ಜಾಗ ಸಿಕ್ಕಿತು. ಧಣಿಯೂ, ಫೋಟೋದವನೂ, ಮ್ಯಾನೇಜರೂ ಬಂದು, ಧಣಿ ತಮ್ಮನ ತಲೆಯ ಮೇಲೆ ಕೈಯಿಟ್ಟ ಚಿತ್ರ ತೆಗೆಸಿಕೊಂಡು ಹೋದರು. ಹೋಗುವಾಗ ಮ್ಯಾನೇಜರು ಅವಳ ಕಿವಿಯ ಹತ್ತಿರ ಬಂದು, "ಇನ್ಮೇಲೆ ನಿಮ್ಮ ಶೆಡ್ಡಿಗೆ ಈ ಊರಿನ ಒಂದು ಕಲ್ಲೂ ಬರಲ್ಲ, ತಿಳ್ಕೊಳ್ಳಿ" ಎಂದ. "ಬರದಿದ್ರೆ ಬೀಸೋಕಲ್ಲು ಕುಟ್ತೀನಿ ಹೋಗಪ್ಪ" ಎಂದಳು.

ಯಂತ್ರ ಗುಂಯ್ ಎನ್ನುತ್ತಿತ್ತು. ಕೊಳವೆಯಲ್ಲಿ ತಮ್ಮನ ರಕ್ತ ಹೋಗುತ್ತಾ ಬರುತ್ತಾ ಇತ್ತು. ಎಷ್ಟೋ ದಿನಗಳ ಮೇಲೆ ಅವನ ಕಣ್ಣು ಪೂರ್ತಿ ತೆರೆದಿತ್ತು, ಅದರ ತುಂಬ ನೀರಿತ್ತು.

"ನೋಡಿದ್ಯಾ ಅಕ್ಕಾ? ನೀನು ಸುಮ್ಮನೆ ಬೈತಿದ್ದೆ. ಹದಿನೆಂಟು ವರ್ಷ ದುಡಿದದ್ದನ್ನ ಧಣಿಗಳು ಮರೆತಿಲ್ಲ. ನನಗೋಸ್ಕರಾನೇ ತರಿಸಿದ್ದಾರೆ, ನನ್ನ ತಲೆ ಮೇಲೆ ಕೈ ಇಟ್ರು."

ಅವಳ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನನ್ನು ದೇವರು ಮಾಡಿದವಳು ಅವಳೇ, ಅದೂ ತನ್ನ ಕೈಯಾರೆ, ಕಲ್ಲಿನಲ್ಲಿ.

"ನಾವು ಹದಿನಾರು ಜನ ರೋಗಿಗಳು ಸೇರಿ ಮಾತಾಡ್ಕೊಂಡಿದೀವಿ" ಎಂದ ತಮ್ಮ. "ಧಣಿಗಳಿಗೆ ನಮ್ಮ ಕಡೆಯಿಂದಾನೂ ಒಂದು ಕಲ್ಲು ಹಾಕಿಸ್ಬೇಕು. ಸಣ್ಣದಾದ್ರೂ ಪರ್ವಾಗಿಲ್ಲ. ನೀನೇ ಕೆತ್ಬೇಕು ಅಕ್ಕಾ, ಕೆತ್ತಿಕೊಡ್ತೀಯಾ?"

ಬಾಯಿ ತೆರೆದಳು. ಯಂತ್ರದ ಮೇಲಿನ ಅಂಕಿ ನೋಡಿದಳು. ರಕ್ತದ ಒತ್ತಡ ಏರಬಾರದೆಂದು, ಮಲಗಿದವರಿಗೆ ಬೇಜಾರಿನ ವಿಷಯ ಹೇಳಬಾರದೆಂದು ಟೆಕ್ನಿಷಿಯನ್ ಹೇಳಿದ್ದ. ಇನ್ನೂ ಮೂರು ಗಂಟೆ ಹತ್ತು ನಿಮಿಷ ಇತ್ತು. ಸಹಿಯ ಕಾಗದ ಚೀಲದಲ್ಲೇ ಇತ್ತು, ಮೊದಲು ಬರೆದ ಆರು ಅಂಗುಲದ ಕಾಗದವೂ ಇತ್ತು. ನೀರಿನ ಮಾತೇ ಇಲ್ಲದ ಆ ಕಾಗದ.

"ಮೊದ್ಲು ಕೈಯಿಂದ ಸೂಜಿ ತೆಗೀಲಿ" ಎಂದಳು. "ಆಮೇಲೆ ಹೇಳ್ತೀನಿ."

ಸ್ಟೂಲು ಎಳೆದು ಅವನ ಪಕ್ಕದಲ್ಲಿ ಕೂತಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಡಿಯಾರ ನೋಡತೊಡಗಿದಳು.