ಕೆಂಪು ಬೀದಿಯ ಬಾಡಿಗೆ ಮನೆ

ನಗರದ ಆರೋಗ್ಯ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಆಕೆ ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಿದ್ದಳು. ಗಾಳಿ ಅಳೆಯುವ ಯಂತ್ರಗಳ ಲೆಕ್ಕವನ್ನೂ ಉಬ್ಬಸವೆಂದು ಆಸ್ಪತ್ರೆ ಸೇರಿದವರ ದಾಖಲೆಯನ್ನೂ ಕಂಪ್ಯೂಟರಿನಲ್ಲಿ ಬೆಸೆದು, ವಯಸ್ಸು, ಸಿಗರೇಟು, ಚಳಿಯ ಪ್ರಭಾವವನ್ನೆಲ್ಲ ಸೋಸಿ ತೆಗೆದು, ಕೊನೆಗೊಂದು ನಕ್ಷೆ ತೆಗೆದಳು. ಯಾವ ಬೀದಿಯ ಗಾಳಿ ಎದೆಗೆ ಕೆಟ್ಟದ್ದೋ ಅದು ಕೆಂಪು.

"ಇದನ್ನ ಜನರ ಕೈಗೆ ಕೊಟ್ರೆ ಗಲಾಟೆ ಆಗುತ್ತಮ್ಮ," ಎಂದರು ಮೇಲಧಿಕಾರಿ.

"ಆಗ್ಲಿ ಸಾರ್. ಗೊತ್ತಾದ್ರೆ ತಾನೇ ಜನ ಹುಷಾರಾಗೋದು?"

ಅವಳು ಪಟ್ಟು ಬಿಡಲಿಲ್ಲ. ನಕ್ಷೆ ಎಲ್ಲರ ಮೊಬೈಲಿಗೂ ಬಂತು.

ಗಲಾಟೆ ಮಾತ್ರ ಆಗಲಿಲ್ಲ. ಕಾರ್ಖಾನೆಗಳು ತಮ್ಮ ಪಾಡಿಗೆ ಹೊಗೆ ಬಿಟ್ಟವು, ಲಾರಿಗಳು ಓಡಿದವು. ಅನುಕೂಲವಿದ್ದವರು ಕೆಂಪು ಬೀದಿಗಳಿಂದ ಸದ್ದಿಲ್ಲದೆ ಗಂಟುಮೂಟೆ ಕಟ್ಟಿದರು. ಮನೆಗಳು ಖಾಲಿ ಬಿದ್ದವು, ಬಾಡಿಗೆ ಇಳಿಯಿತು.

ಒಂದು ಭಾನುವಾರ ಅಣ್ಣನ ಫೋನು ಬಂತು. ಚಿಕ್ಕಂದಿನಿಂದಲೂ ಉಬ್ಬಸದ ಮನುಷ್ಯ. ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ. "ಮನೆ ಬದಲಾಯಿಸಿದ್ವಿ ಕಣೇ, ಬಂದು ನೋಡು."

ಬೀದಿಯ ತಿರುವಿಗೆ ಬರುತ್ತಿದ್ದಂತೆ ಅವಳು ಮೊಬೈಲು ತೆಗೆದು ನೋಡಿದಳು. ನಕ್ಷೆಯಲ್ಲಿ ಅದಕ್ಕಿಂತ ಕೆಂಪಾದ ಬೀದಿ ಇನ್ನೊಂದಿರಲಿಲ್ಲ.

ಅತ್ತಿಗೆ ಕೈ ಹಿಡಿದು ಮನೆಯೆಲ್ಲ ತೋರಿಸಿದರು. "ಮೂರು ಕೋಣೆ, ಬಾಲ್ಕನಿ ಬೇರೆ! ಎಲ್ಲಾ ನಿನ್ನ ನಕ್ಷೆಯಿಂದಾನೇ. ಕೆಂಪು ಎಲ್ಲಿದ್ಯೋ ಅಲ್ಲೇ ಹುಡುಕಿದ್ವಿ."

"ಅಯ್ಯೋ ಅತ್ತಿಗೆ, ಕೆಂಪು ಅಂದ್ರೆ ಅಲ್ಲಿರಬೇಡಿ ಅಂತ!"

"ನಮಗೇನು ಗೊತ್ತಿಲ್ವಾ?" ಎಂದ ಅಣ್ಣ, ಕೆಮ್ಮಿನ ನಡುವೆಯೇ ನಗುತ್ತ. "ಹಳೇ ಮನೆ ಒಂದೇ ಕೋಣೆ, ಗೋಡೆ ತುಂಬ ಬೂಷ್ಟು. ಅಲ್ಲಿ ಮುದುರಿಕೊಂಡು ಕೆಮ್ತಿದ್ದೆ, ಇಲ್ಲಿ ಕಾಲು ಚಾಚಿ ಕೆಮ್ತೀನಿ."

ಗಾಳಿ ಶುದ್ಧಮಾಡುವ ಯಂತ್ರವೊಂದನ್ನು ಅವಳೇ ತಂದಿಟ್ಟಳು. ಅದರ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಅತ್ತಿಗೆ ಅದನ್ನು ನಿಲ್ಲಿಸಿ, ಮೇಲೊಂದು ಬಟ್ಟೆ ಹೊದಿಸಿದರು. ಚಳಿಗಾಲದಲ್ಲಿ ಅಣ್ಣ ಆಸ್ಪತ್ರೆ ಸೇರಿದ.

ಅದೇ ವಾರ ಕಚೇರಿಯಲ್ಲಿ ಸಭೆ. "ಈಕೆ ಹೇಳಿದ್ದು ನೂರಕ್ಕೆ ನೂರು ನಿಜವಾಯ್ತು," ಎಂದು ಮೇಲಧಿಕಾರಿ ಬೀಗಿದರು. "ಕೆಂಪು ಬೀದಿಗಳಲ್ಲಿ ರೋಗಿಗಳು ಇನ್ನೂ ಜಾಸ್ತಿಯಾಗಿದ್ದಾರೆ!"

ಚಪ್ಪಾಳೆಯೋ ಚಪ್ಪಾಳೆ. ಅವಳ ಕೊರಳಿಗೊಂದು ಹಾರವೂ ಬಿತ್ತು.

"ಸಾರ್, ಅದು ಬರೀ ಗಾಳಿ ಕೆಲಸ ಅಲ್ಲ," ಎಂದಳು ಅವಳು ಎದ್ದು ನಿಂತು. "ಅನುಕೂಲ ಇದ್ದ ಗಟ್ಟಿಮುಟ್ಟಾದೋರು ಹೊರಟುಹೋದ್ರು, ಬಾಡಿಗೆ ಇಳೀತು. ಕೆಮ್ಮೋರನ್ನ ನನ್ನ ನಕ್ಷೇನೇ ಅಲ್ಲಿಗೆ ಕರ್ಕೊಂಡು ಹೋಯ್ತು."

"ಒಳ್ಳೇ ವಿಷಯ. ಮುಂದಿನ ಅಧ್ಯಯನಕ್ಕೆ ಇಟ್ಕೊಳ್ಳೋಣ."

ಅವಳು ಹಾರವನ್ನು ತೆಗೆದು ಕುರ್ಚಿಯ ಮೇಲೇ ಬಿಟ್ಟು ಆಸ್ಪತ್ರೆಗೆ ಓಡಿದಳು. ಅಣ್ಣ ದಿಂಬಿಗೊರಗಿ ಕೂತಿದ್ದ, ಮುಖದಲ್ಲಿ ಗೆಲುವಿತ್ತು.

"ಒಳ್ಳೇ ಗಾಳಿ ಬರೋ ಮನೇಲಿರಬೇಕು ಅಂದ್ರು ಡಾಕ್ಟ್ರು," ಎಂದ. "ಬಾಲ್ಕನಿ ಇದೆ ಅಂದೆ. ತುಂಬಾ ಖುಷಿಪಟ್ರು ಕಣೇ."