ತುಂಬುತೋಳಿನ ಕುಪ್ಪಸ

ಹೆಣಕ್ಕೆ ಗುಸುಲ್ ಸ್ನಾನ ಮಾಡಿಸಲು ಬಂದಿದ್ದ ಖಾಸಿಂಬೀ ಕತ್ತರಿಯಿಂದ ಕುಪ್ಪಸದ ತೋಳು ಸೀಳಿದ ಕೂಡಲೇ ಅರ್ಜುಮಂದಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ಬದುಕಿರುವತನಕ ತುಂಬುತೋಳು ಬಿಟ್ಟು ಬೇರೆ ತೊಡದಿದ್ದ ಅತ್ತೆ ದಾವಲ್‌ಬೀಯ ಮೊಣಕೈ ತುಂಬ ಬಿಳಿ ಹೊಟ್ಟು. ಮಗ್ಗುಲಿಗೆ ಹೊರಳಿಸಿದರೆ ಬೆನ್ನಿನ ಮೇಲೂ ಅಂಗೈಯಗಲದ ಒರಟು ಮಚ್ಚೆಗಳು. ಮಗಳು ಅತೀಯಾಳ ಮೈಮೇಲೆ ಇರುವಂಥವೇ.

ಎಂಥ ಬಾಯಿತ್ತು ಈ ಮುದುಕಿಗೆ! ಸಿಂಧನೂರಿನ ಚರ್ಮದ ಡಾಕ್ಟರು ಅತೀಯಾಳನ್ನು ನೋಡಿ, "ಇದು ಸೋರಿಯಾಸಿಸ್. ಅಂಟೋ ರೋಗ ಅಲ್ಲ, ವಂಶದಾಗ ಇಳದು ಬರತದ. ಮನ್ಯಾಗ ಯಾರಿಗರ ಅದ ಏನು?" ಎಂದು ಕೇಳಿದಾಗ ಪಕ್ಕದಲ್ಲೇ ಕೂತಿದ್ದವಳು ಇವಳೇ. "ನಮ್ಮ ಖಾನ್‌ದಾನದಾಗ ಯಾರಿಗೂ ಇಲ್ರೀ. ಸೊಸಿ ತವರಮನೀದು," ಎಂದು ಅಲ್ಲಾನ ಆಣೆ ಇಟ್ಟಿದ್ದಳು. ಗೊರೇಬಾಳಕ್ಕೆ ಮರಳಿದ ಮೇಲೆ ಊರವರ ಮುಂದೆಯೂ ಅದನ್ನೇ ಹೇಳಿದ್ದಳು. ಆ ಮಾತು ಇಲ್ಲಿಂದ ಮಸ್ಕಿ ಮುಟ್ಟಲು ಎಷ್ಟು ಹೊತ್ತು? ಅರ್ಜುಮಂದಳ ತಂಗಿ ಮುನ್ನಿಬೀಗೆ ಅಲ್ಲಿ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಮೈಮೇಲೆ ಒಂದು ಕಲೆ ಇಲ್ಲದ ಹುಡುಗಿ, ಇವತ್ತಿಗೂ ಸಂತೆಕಲ್ಲೂರಿನಲ್ಲಿ ಅಣ್ಣಂದಿರ ಮನೆಯ ರೊಟ್ಟಿ ಬಡಿಯುತ್ತಿದ್ದಾಳೆ. ಅಕ್ಕ ಹೋದರೆ ಮಾತಾಡಿಸುವುದಿಲ್ಲ.

"ಖಾಲಾ, ನೋಡಿದ್ರೇನು?" ಅರ್ಜುಮಂದ್ ಮಚ್ಚೆಗಳತ್ತ ಬೆರಳು ಮಾಡಿದಳು.

"ನೋಡಿದ್ನಿ," ಎಂದಳು ಖಾಸಿಂಬೀ. "ಗುಸುಲ್ ಮಾಡಿಸೋರು ಹೆಣದ ಮೈಯಾಗಿನ ಐಬು ಹೊರಗ ಆಡಬಾರದು ಬೇಟಿ. ಗುನಾ ಆಗತದ, ಪಾಪ ಹತ್ತತದ. ನೀರು ಹಾಕು."

"ಬದುಕಿದಾಕಿ ಮ್ಯಾಲ ಇಲ್ಲದ ಐಬು ಹೊರಿಸಿದ್ದು ಗುನಾ ಅಲ್ಲೇನು?"

ಖಾಸಿಂಬೀ ಕುಪ್ಪಸದ ಇನ್ನೊಂದು ತೋಳು ಸೀಳಿದಳು. ಅರ್ಜುಮಂದ್ ಬಾರೆ ಎಲೆಯ ಬಿಸಿನೀರು ಹಾಕಿದಳು, ಮೊಣಕೈಯನ್ನು ಮೆತ್ತಗೆ ಉಜ್ಜಿದಳು, ಕಫನಿನ ಬಿಳಿ ಬಟ್ಟೆ ಸುತ್ತಲು ಕೈಹಚ್ಚಿದಳು. ಆಮೇಲೆ, ಗುನಾ ಆದರೆ ಆಗಲಿ ಎಂದುಕೊಂಡು ಗಂಡ ಅಖ್ತರ್‌ನನ್ನು ಅಡುಗೆಮನೆಗೆ ಕರೆದಳು. ಅವನು ಕಣ್ಣೊರೆಸುತ್ತ ಬಂದ.

"ಅತೀಯಾಗ ಇದ್ದದ್ದು ನಿಮ್ಮ ಅಮ್ಮಾನ ಮೈತುಂಬ ಅದ ರೀ. ನಾಕು ಮಂದಿ ಮುಂದ ನೀವೇ ಹೇಳ್ರಿ, ಈ ಜಡ್ಡು ನಮ್ಮ ಮನೀದು ಅಂತ. ನನ್ನ ತಂಗೀನ ನೋಡಾಕ ಮಂದಿ ಬರಲಿ."

"ಮೆಲ್ಲಗ. ಹೊರಗ ಜನ ಅದಾರ."

"ನಾ ಸುಳ್ಳು ಹೇಳಾಕತ್ತೀನೇನು? ಖಾಲಾಗ ಕೇಳಿ ಬರ್ರಿ."

"ಕೇಳೋದೇನದ?" ಅಖ್ತರ್ ಟೋಪಿ ಸರಿಮಾಡಿಕೊಂಡ. "ಸಣ್ಣಾವಿದ್ದಾಗ ಅಮ್ಮಾನ ಬೆನ್ನಿಗೆ ಕೊಬ್ಬರಿ ಎಣ್ಣಿ ಹಚ್ಚತಿದ್ದಾವ ನಾನೇ."

ಅಷ್ಟು ಹೇಳಿ ಹೆಣದ ಜನಾಜಾಕ್ಕೆ ಹೆಗಲು ಕೊಡಲು ಹೋದ.

"ಅರ್ಜುಮಂದ್, ಕಡೀ ಸಲ ಅತ್ತಿ ಮಾರಿ ನೋಡು ಬಾ," ಎಂದು ಅಂಗಳದಿಂದ ಹೆಂಗಸರು ಕೂಗಿದರು.

"ನೋಡೀನಿ," ಎಂದಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಒಳಗಿನಿಂದ ಚಿಲಕ ಹಾಕಿದಳು.