ಹುಣಸೆಹಣ್ಣಿನ ಕೋವಿ

ಸವಳಂಗ ರಸ್ತೆಯ ನಮ್ಮ ಓಣಿಯಲ್ಲಿ ಹನ್ನೆರಡು ಮನೆ, ಒಂದೇ ಕೋವಿ. ಅದು ನಮ್ಮದು. ಹಳ್ಳಿಯಲ್ಲಿ ಮಾವನವರು ಹಂದಿ ಓಡಿಸಲು ಇಟ್ಟುಕೊಂಡಿದ್ದದ್ದು, ಅವರ ನಂತರ ನಮ್ಮ ಗೋಡೆಗೆ ಬಂದಿತ್ತು. ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ಹೋಗಿಬರುವ ನಮ್ಮ ಯಜಮಾನರನ್ನು ಎಲ್ಲರೂ ಕೋವಿ ಹಾಲಸ್ವಾಮಿ ಎಂದೇ ಕರೆಯುತ್ತಿದ್ದರು. ಅಕ್ಕಪಕ್ಕದ ಓಣಿಗಳಲ್ಲಿ ಕಳವಾದರೂ ನಮ್ಮಲ್ಲಿ ಒಂದು ಚೆಂಬೂ ಹೋಗಿರಲಿಲ್ಲ. ನಾನಂತೂ ನಲ್ಲಿ ಹತ್ತಿರ ತಲೆಯೆತ್ತಿಯೇ ನಿಲ್ಲುತ್ತಿದ್ದೆ.

ಒಳಗಿನ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಐವತ್ತೊಂದನೇ ಇಸವಿಯಲ್ಲಿ, ಮದುವೆಯಾದ ಹೊಸತು, ಆಯುಧಪೂಜೆಗೆ ಎಲ್ಲ ಲಕಲಕ ಹೊಳೆಯಲಿ ಎಂದು ಕೋವಿಯನ್ನು ಬಚ್ಚಲಿಗೆ ಒಯ್ದು, ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ನಳಿಗೆಯೊಳಗೂ ನೀರು ಸುರಿದಿದ್ದೆ. ಮುಂದಿನ ವರ್ಷ ಒರೆಸುವಾಗ ನೋಡುತ್ತೇನೆ, ಗುಂಡು ಹಾರಿಸಲು ಎಳೆಯುವ ಕುದುರೆ ಅಲ್ಲಾಡುತ್ತಿಲ್ಲ, ನಳಿಗೆಯ ತುಂಬ ತುಕ್ಕು. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಅವರು ಅದನ್ನು ಇಳಿಸುತ್ತಿದ್ದುದು ಹಬ್ಬಕ್ಕೆ ಮಾತ್ರ. ಗೊತ್ತಾಗಿಲ್ಲ ಅಂದುಕೊಂಡೆ. ತಿಕ್ಕಿದ ದಿನದಿಂದ ಹೀಗೆ ಒಂಬತ್ತು ವರ್ಷ ಕಳೆಯಿತು.

ಅರವತ್ತರಲ್ಲಿ ಎದುರುಮನೆಯ ಓಂಕಾರಪ್ಪನವರಿಗೆ ಹುಕಿ ಬಂತು. ಒಂದು ಕೋವಿಗೇ ಕಳ್ಳರು ಇಷ್ಟು ಹೆದರುವುದಾದರೆ ಹನ್ನೆರಡಿದ್ದರೆ ಹೇಗಿರಬೇಡ ಎಂದು ಅವರ ವಾದ. ಎಲ್ಲ ಮನೆಯವರೂ ಸೇರಿ ಲೈಸೆನ್ಸಿಗೆ ಅರ್ಜಿ ಹಾಕಿದರು. ಅರ್ಜಿಗೆ ಆಧಾರ ನಮ್ಮ ಕೋವಿಯೇ. ಹಾಗಾಗಿ ವಿಚಾರಣೆಗೆ ತಾಲ್ಲೂಕಿನ ಅಮಲ್ದಾರರು ನಮ್ಮ ಮನೆಗೇ ಬಂದರು, ಜೊತೆಗೆ ಓಂಕಾರಪ್ಪನವರೂ.

ಹಿಂದಿನ ತಿಂಗಳಷ್ಟೇ ಪಕ್ಕದ ಮನೆಯ ವೀರಪ್ಪ ಪಾಳಿ ಮುಗಿಸಿ ಬಂದವನು, ಹೆಂಡತಿಯ ನಿದ್ದೆ ಕೆಡಿಸಬಾರದೆಂದು ಹಿತ್ತಲ ಗೋಡೆ ಹತ್ತಿದ್ದ. ಸದ್ದು ಕೇಳಿ ಓಡಿಬಂದ ಓಂಕಾರಪ್ಪನವರು ಕಳ್ಳನೆಂದು ಬಡಿದೇಬಿಟ್ಟರು. ಕೈಯಲ್ಲಿದ್ದದ್ದು ಕೋಲು, ತಲೆಯ ಮೇಲೊಂದು ಬುಗುಟಿನಲ್ಲಿ ಮುಗಿಯಿತು. ಕೋವಿಯಿದ್ದಿದ್ದರೆ? ನಿಜ ಹೇಳಿದರೆ ಗಂಡನ ಮರ್ಯಾದೆ ಬೀದಿಪಾಲು, ಹೇಳದಿದ್ದರೆ ಯಾರದೋ ಜೀವ ಹೋದೀತು. ಹೇಳಿಯೇಬಿಡೋಣವೆಂದು ಅಡುಗೆಮನೆ ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡೆ.

ಅಷ್ಟರಲ್ಲಿ ಯಜಮಾನರೇ ಎದ್ದು ಕೋವಿ ಇಳಿಸಿ ಅಮಲ್ದಾರರ ಮುಂದಿಟ್ಟರು.

"ಸ್ವಾಮಿ, ಇದು ಕೆಟ್ಟು ಒಂಬತ್ತು ವರ್ಷ ಆಯ್ತು. ಹಬ್ಬಕ್ಕೆ ಅಂತ ನಾನೇ ಹುಣಸೆಹಣ್ಣು ಹಚ್ಚಿ ತೊಳ್ದೆ. ಕಳ್ಳರು ಯಾಕೆ ಬರ್ಲಿಲ್ವೋ ನನಗೆ ಗೊತ್ತಿಲ್ಲ. ಆದ್ರೆ ಮನೆಮನೆಗೂ ಕೋವಿ ಬಂದ್ರೆ, ಎಲ್ಲವೂ ನಂದರಂಗೆ ತುಕ್ಕು ಹಿಡಿದಿರಲ್ಲ. ವೀರಪ್ಪ ನಾಳೆನೂ ಪಾಳಿ ಮುಗಿಸ್ಕಂಡು ಮನೆಗೆ ಬರ್ಬೇಕು."

ಓಂಕಾರಪ್ಪನವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಮಲ್ದಾರರು ಹುಣಸೆಹಣ್ಣೇ ಎಂದು ಮತ್ತೊಮ್ಮೆ ಕೇಳಿ, ಅಡುಗೆಮನೆ ಬಾಗಿಲ ಕಡೆ ನೋಡಿ, ನಗು ನುಂಗಿಕೊಂಡು ಬರೆದರು. ಅರ್ಜಿಗಳು ಅಲ್ಲಿಗೇ ಬಿದ್ದುಹೋದವು. ನಮ್ಮ ಕೋವಿಯನ್ನೂ ಯಜಮಾನರು ಅವತ್ತೇ ಸ್ಟೇಷನ್ನಿಗೆ ಒಪ್ಪಿಸಿ ಬಂದರು.

ಸಂಜೆ ಕಾಫಿ ಕೊಡುತ್ತಾ, ಯಾವಾಗ ಗೊತ್ತಾಯಿತೆಂದು ಕೇಳಿದೆ.

"ಹಬ್ಬದ ಮಾರನೇ ದಿನಾನೇ, ಮತ್ತೆ ಗೋಡೆಗೆ ತೂಗುಹಾಕೋವಾಗ. ನಳಿಗೆಯಿಂದ ಹುಣಸೆ ನಾರು ಬಂತಲ್ಲ ಮಾರಾಯ್ತಿ."

ಒಂಬತ್ತು ವರ್ಷ ತುಟಿ ಪಿಟಕ್ಕೆನ್ನದೆ, ಮಾತಾಡಬೇಕಾದ ದಿನ ನನ್ನ ತಪ್ಪನ್ನೂ ತಮ್ಮ ಮೈಮೇಲೆ ಎಳೆದುಕೊಂಡ ಮನುಷ್ಯ. ಈಗ ಜನ ಹುಣಸೆಹಣ್ಣಿನ ಹಾಲಸ್ವಾಮಿ ಎಂದು ಗೇಲಿ ಮಾಡುತ್ತಾರೆ. ನಲ್ಲಿ ಹತ್ತಿರ ಯಾರಾದರೂ ಹಾಗೆಂದರೆ, ಹೌದು, ಅವರ ಹೆಂಡತಿ ನಾನೇ ಎಂದು ಕೊಡ ಸೊಂಟಕ್ಕಿಟ್ಟುಕೊಂಡು ಮೊದಲಿಗಿಂತ ನೆಟ್ಟಗೆ ನಡೆದು ಬರುತ್ತೇನೆ.